ಅರಿಶಿನ ಹರಡಿದ ಕೋರ್ಟು

ತೆರಕಣಾಂಬಿಯ ನಿವೃತ್ತ ಪಿ.ಟಿ. ಮೇಷ್ಟ್ರು ಶಿವರುದ್ರಸ್ವಾಮಿಯವರಿಗೆ ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಒಂದು ಸನ್ಮಾನವೂ ಆಗಲಿಲ್ಲ, ಆದದ್ದೆಲ್ಲ ಅನುಮಾನ. ಹಾಲಿನವನ ಮೇಲೆ, ಹವಾಮಾನ ವರದಿಯ ಮೇಲೆ, ಬಸ್ಸಿನ ಬೋರ್ಡಿನ ಮೇಲೆ. ‘ಚಾಮರಾಜನಗರ’ ಎಂದು ಎದ್ದು ಕಾಣುವಂತೆ ಬರೆದಿದ್ದರೂ ಡ್ರೈವರನ್ನು ಒಮ್ಮೆ, ಕಂಡಕ್ಟರನ್ನು ಒಮ್ಮೆ ಕೇಳಿ, ಎರಡೂ ಉತ್ತರ ತಾಳೆಯಾದ ಮೇಲೆಯೇ ಅವರು ಹತ್ತುತ್ತಿದ್ದುದು. ಅಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೊರಟುಹೋಗಿರುತ್ತಿತ್ತು.

ಅಂಥವರ ಜಗುಲಿಗೆ ಒಂದು ಶುಕ್ರವಾರ ಮಧ್ಯಾಹ್ನ ಕೇರಳ ನಂಬರಿನ ಕಾರಿನಿಂದ ಒಬ್ಬ ಇಳಿದು ಬಂದ. ಹೆಸರು ಸುನೀಲ್ ಕುಮಾರ್ ಅಂತೆ, ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಸಹಾಯಕ ಕೋಚ್ ಅಂತೆ, ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಕೋಳಿಕ್ಕೋಡಿಗೆ ಹೊರಟಿದ್ದಾನಂತೆ. ಈ ಅಂತೆಗಳ ಸಂತೆಯಲ್ಲಿ ಮೇಷ್ಟ್ರು ಒಂದನ್ನೂ ಕೊಳ್ಳಲಿಲ್ಲ.

“ಸಾರ್, ನಾಳೆ ಕೋಳಿಕ್ಕೋಡಿನಲ್ಲಿ ಕಜಕಿಸ್ತಾನದ ಜೊತೆ ನಾಕೌಟ್. ಸೋತರೆ ಮನೆಗೆ. ಅವರದು ಜೋನ್ ಡಿಫೆನ್ಸ್. ಎತ್ತರದ ಹುಡುಗಿಯರು ಮೂರು ಜನ ರಿಂಗಿನ ಮುಂದೆ ಗೋಡೆ ಥರ ನಿಲ್ತಾರೆ, ನಡುವೆ ನುಗ್ಗೋಕಾಗಲ್ಲ. ಮೂಲೆ ಮಾತ್ರ ಖಾಲಿ ಬಿಡ್ತಾರೆ. ನಿಮ್ಮ ಶಿಷ್ಯೆ ಬೃಂದಾ ಮೂಲೆಯಿಂದ ಹಾಕ್ತಾಳಾ? ಗಾಯ ಆದವಳ ಜಾಗಕ್ಕೆ ಮೊನ್ನೆ ಬಂದಳು, ನಾವಿನ್ನೂ ಸರಿಯಾಗಿ ನೋಡಿಲ್ಲ.”

ಮೇಷ್ಟ್ರ ಕಿವಿ ನೆಟ್ಟಗಾಯಿತು. ನಮ್ಮ ಕೋಚಿಗೆ ನಮ್ಮ ಹುಡುಗಿಯ ಆಟ ಗೊತ್ತಿಲ್ಲವೇ? ಅಂಗಿಯ ಮೇಲೆ ಭಾರತದ ಗುರುತೂ ಇಲ್ಲ. ಕಜಕಿಸ್ತಾನದ ಗೂಢಚಾರನೇ ಸೈ, ವಯನಾಡಿನ ದಾರಿಯಾಗಿ ಬಂದಿದ್ದಾನೆ!

“ಮೂಲೆಯಾ? ಅಲ್ಲಿಂದ ಎಸೆದ್ರೆ ಚೆಂಡು ಬೋರ್ಡಿಗೂ ತಾಗಲ್ಲ ಸ್ವಾಮಿ. ನಡುವೆ ನುಗ್ಗೋದ್ರಲ್ಲಿ ಹುಲಿ ಅವ್ಳು” ಎಂದು ನಿಜವನ್ನು ತಿರುಗುಮುರುಗು ಮಾಡಿ ಹೇಳಿದರು.

ಆತ ಪುಸ್ತಕದಲ್ಲಿ ಬರೆದುಕೊಂಡ. ಮುಖ ಸಪ್ಪಗಾಯಿತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಊಟ ಮಾಡಿ ಕಾಡು ದಾಟುತ್ತೇನೆ ಎಂದು ಹೇಳಿ, ವಿಸಿಟಿಂಗ್ ಕಾರ್ಡ್ ಕೊಟ್ಟು ಹೊರಟ. ಗೂಢಚಾರರ ಕಾಗದ ಮನೆಯಲ್ಲಿರಬಾರದೆಂದು ಮೇಷ್ಟ್ರು ಅದನ್ನು ನೀರೊಲೆಗೆ ಹಾಕಿದರು.

ಕಾರ್ಡು ಬೂದಿಯಾಗುತ್ತಿದ್ದಂತೆ ಫೋನು ಬಂತು. ಬೃಂದಾ.

“ಸಾ, ನಮ್ ಸುನೀಲ್ ಸಾರ್ ಬಂದಿದ್ರಾ? ನಾಳೆ ನನ್ನ ಇಳಿಸದೋ ಬೆಂಚಲ್ಲೇ ಕೂರ್ಸದೋ ಅಂತ ನಿಮ್ಮ ಕೇಳೇ ತೀರ್ಮಾನ ಮಾಡ್ತಾರಂತೆ. ನಾನೇಳುದ್ರೆ ನಂಬಲ್ಲ, ಎಲ್ರೂ ಅಂಗೇ ಏಳ್ತಾರೆ ಅಂತಾರೆ. ಇದೊಂದು ತಪ್ಪುದ್ರೆ ಇನ್ನೊಂದ್ಸಲ ಕರೀತಾರೋ ಇಲ್ವೋ. ನೀವ್ ಸರಿಯಾಗ್ ಏಳುದ್ರಿ ತಾನೆ? ಮ್ಯಾನೇಜರ್ ಫೋನ್ ಇಸ್ಕತಾವ್ರೆ, ಮಡುಗ್ತೀನಿ ಸಾ.”

ಮೇಷ್ಟ್ರಿಗೆ ಕಾಲ ಕೆಳಗಿನ ನೆಲದ ಮೇಲೂ ಅನುಮಾನ ಬಂತು. ಬೃಂದಾಳ ಆಟ ಅವರಿಗೆ ಗೊತ್ತಿಲ್ಲದ್ದೇ? ಅವಳ ಬೀದಿಗಿದ್ದ ಒಂದೇ ಸಿಮೆಂಟು ನೆಲವೆಂದರೆ ಶಾಲೆಯ ಕೋರ್ಟು. ಅದರ ನಟ್ಟನಡುವೆ ಬೇಯಿಸಿದ ಅರಿಶಿನ ಒಣಹಾಕುವುದು ಹುಡುಗಿಯ ಅಜ್ಜಿ ದೊಡ್ಡಮಲ್ಲಮ್ಮನ ಹಕ್ಕು. ಅರಿಶಿನ ಮುಗಿದರೆ ಜೋಳ, ಜೋಳ ಮುಗಿದರೆ ಹುರುಳಿ. ಆಟಗಾರರು ಕಣಕ್ಕಿಳಿದರು ಎಂದರೆ ಅಲ್ಲಿ ನಿಜವಾಗಿಯೂ ಕಣಕ್ಕೇ ಇಳಿದ ಹಾಗೆ. ಉಳಿಯುತ್ತಿದ್ದದ್ದು ಎರಡು ಮೂಲೆ, ರಿಂಗಿನ ಬುಡ. ಎಂಟು ವರ್ಷ ಅವಳು ಚೆಂಡೆಸೆದದ್ದು ಆ ಮೂಲೆಗಳಿಂದಲೇ.

ಅಂದು ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಬೋರ್ಡನ್ನೂ ಓದದೆ ಬಸ್ಸು ಹತ್ತಿದರು. ಪುಣ್ಯಕ್ಕೆ ಅದು ಗುಂಡ್ಲುಪೇಟೆಗೇ ಹೋಗುತ್ತಿತ್ತು.

ಸುನೀಲ್ ಕುಮಾರ್ ಊಟ ಮುಗಿಸಿ ಮಜ್ಜಿಗೆ ಕುಡಿಯುತ್ತಿದ್ದ. ಮೇಷ್ಟ್ರು ಏದುಸಿರು ಬಿಡುತ್ತಾ ಎಲ್ಲವನ್ನೂ ಒಪ್ಪಿಕೊಂಡರು. ಆತ ಲೋಟ ಕೆಳಗಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದ.

“ಆಗ ಒಂದು, ಈಗ ಒಂದು. ಯಾವುದು ಸುಳ್ಳು ಸಾರ್? ಹುಡುಗಿ ಫೋನ್ ಮಾಡಿ ಹೇಳಿಕೊಟ್ಟಳಾ?”

ಫೋನ್ ಮಾಡಿದ್ದಂತೂ ನಿಜ. ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಹಾಲಿನವನನ್ನು ಅವರು ನೋಡುತ್ತಿದ್ದುದು ಹೀಗೆಯೇ. ಈ ಕಡೆ ನಿಂತರೆ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೊಗಳುವವರ ಸಾಕ್ಷಿ ಇಲ್ಲಿ ನಡೆಯದು. ತಾವಾಗಿದ್ದರೂ ಬೈಯುವವರನ್ನಷ್ಟೇ ನಂಬುತ್ತಿದ್ದೆವು ಎನ್ನಿಸಿತು. ದೊಡ್ಡಮಲ್ಲಮ್ಮನಿಗೆ ಫೋನ್ ಹಚ್ಚಿ ಅವನ ಕೈಗೇ ಕೊಟ್ಟರು. “ಅವಳ ಅಜ್ಜಿ. ನೀವೇ ಕೇಳಿ. ನಾನು ತುಟಿ ಬಿಚ್ಚಲ್ಲ.”

“ಅಜ್ಜೀ, ಬೃಂದಾ ಊರಲ್ಲಿ ಹೇಗೆ ಆಡ್ತಿದ್ದಳು?”

“ಆ ಮುಂಡೇದಾ? ಮದ್ಯಾನ ಒಂದ್ ಗಳಿಗೆ ಕಣ್ಮುಚ್ಚಕ್ ಬುಟ್ಟಿಲ್ಲ ಕಣಪ್ಪಾ! ಮೂಲೇಲ್ ನಿಂತ್ಕಂಡು ಎಸ್ದಿದ್ದೇ ಎಸ್ದಿದ್ದು, ದಬದಬ ಅಂತ. ಅರಿಸ್ನದ್ ಮ್ಯಾಲೆ ಮಾತ್ರ ಒಂದಿನ ಕಾಲಿಕ್ಕಿಲ್ಲ, ಇಕ್ಕುದ್ರೆ ಮುರೀತೀನಿ ಅಂದಿದ್ದೆ. ಗುರಿ ತಪ್ಪಿ ಚೆಂಡು ಅರಿಸ್ನಕ್ ಬಿದ್ರೆ ಸಂಜೆಗಂಟ ನಾ ವಾಪಸ್ ಕೊಡ್ತಿರ್ನಿಲ್ಲ.”

“ದಿನಾ ಬೀಳ್ತಿತ್ತಾ?”

“ಮೊದ್ಮೊದ್ಲು ಬೀಳದು. ಆಮೇಕೆ ಎಲ್ ಬಿದ್ದದು? ಕಾದೂ ಕಾದೂ ನಂಗೇ ಬೇಜಾರಾಯ್ತು. ಯಾಕಪ್ಪ, ಅಲ್ಲೂ ಏನಾರ ಆಳ್ಮಾಡ್ಬುಟ್ಳಾ?”

ಸುನೀಲ್ ಕುಮಾರ್ ಪುಸ್ತಕ ತೆಗೆದು ಒಂದು ಸಾಲು ಹೊಡೆದುಹಾಕಿ, ಅದರ ಕೆಳಗೆ ಇನ್ನೊಂದು ಬರೆದ. ಏನು ಬರೆದನೆಂದು ಮೇಷ್ಟ್ರು ಇಣುಕಿ ನೋಡಿದರು. ಆತ ಪುಸ್ತಕ ಮುಚ್ಚಿಬಿಟ್ಟ.

ಮರುದಿನ ಸಂಜೆ ಜಗುಲಿಯಲ್ಲಿ ಫೋನನ್ನು ಚೊಂಬಿಗೆ ಒರಗಿಸಿ ಮೇಷ್ಟ್ರೂ ದೊಡ್ಡಮಲ್ಲಮ್ಮನೂ ಕೂತರು. ಭಾರತದ ಐದು ಹೆಸರು ಕೂಗಿದರು. ಐದನೆಯದು ಬೃಂದಾ.

“ಲೈವು ಅಂತಾರಲ್ಲ, ನಿಜ್ವಾ ಮೇಷ್ಟ್ರೇ?”

ಅದೇ ಅನುಮಾನ ಮೇಷ್ಟ್ರ ನಾಲಗೆಯ ತುದಿಯಲ್ಲೂ ಇತ್ತು. “ಬುಡವ್ವ, ಇವತ್ತೊಂದಿನ ನಂಬ್ಬುಡನ” ಎಂದರು.

ಕಜಕಿಸ್ತಾನದ ಮೂವರು ರಿಂಗಿನ ಮುಂದೆ ಗೋಡೆಯಾಗಿ ನಿಂತರು. ಅವರ ಕಾಲ ಕೆಳಗೆ ಅರಿಶಿನ ಹರಡಿದೆಯೇನೋ ಎಂಬಂತೆ ಬೃಂದಾ ನಡುವನ್ನು ಬಳಸಿಕೊಂಡು ಎಡಮೂಲೆಗೆ ಹೋದಳು. ಚೆಂಡು ಅವಳ ಕೈಗೆ ಬಂತು, ಕೈಯಿಂದ ಹೋಯಿತು. ದೊಡ್ಡಮಲ್ಲಮ್ಮ ಅಭ್ಯಾಸದಂತೆ, ಗುರಿ ತಪ್ಪಿದರೆ ಕಿತ್ತುಕೊಳ್ಳಲು ಕೈ ಚಾಚಿದಳು. ಆ ಕೈ ಎಂದಿನಂತೆ ಖಾಲಿಯೇ ಉಳಿಯಿತು.