ಆಕೆ ಬಿಡಿಸುತ್ತಿದ್ದ ಫೈಲುಗಳು

ಬಾಲಾನಗರದ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿ. ಕೆಳಗೆ ಕಬ್ಬಿಣದ ಕಿರುಚಾಟ, ಮೇಲೆ ತೆಲುಗು, ಹಿಂದಿ. ಕನ್ನಡದವರು ಇಬ್ಬರೇ: ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿಯ ಮಗನಾದ ನಾನು, ತಾರ್ನಾಕದಿಂದ ಬರುತ್ತಿದ್ದ ಬಾಗಲಕೋಟೆ ಕಡೆಯ ಆಕೆ. ಆಕೆ ಅಂದರೆ ನನಗೆ ಜೀವ. ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಥೂ, ಮೀಸೆ ಬಂದ ಗಂಡಸು!

ಸರ್ವರಿನಲ್ಲಿ ನಮ್ಮಿಬ್ಬರಿಗೂ ಒಂದೇ ಫೋಲ್ಡರು. ಅದರಲ್ಲಿ ಆಕೆ ಮಾಡಿದ ಹೊಸ ಫೈಲು ಆಕೆಯ ಹೆಸರಿಗೇ ಆಗುತ್ತಿತ್ತು. ನಾನು ಓದಬಹುದು, ಒಂದಕ್ಷರ ತಿದ್ದುವ ಹಾಗಿಲ್ಲ. ‘ಪರ್ಮಿಷನ್ ಡಿನೈಡ್’ ಎಂದು ಮುಖಕ್ಕೆ ಹೊಡೆದಂತೆ ಬರುತ್ತಿತ್ತು. ಫೈಲು ಯಾರ ಹೆಸರಲ್ಲಿದೆಯೋ ಅವರೇ ಬಂದು ಅದರ ತಡೆ ಬಿಡಿಸಬೇಕು. ಬೇರೆ ಯಾರದಾದರೂ ಆಗಿದ್ದರೆ ಕೀಬೋರ್ಡ್ ಕುಟ್ಟಿ ಪುಡಿ ಮಾಡುತ್ತಿದ್ದೆ.

“ಮತ್ತ ಬಂತ್ರಿ,” ಎನ್ನುತ್ತಿದ್ದೆ.

ಆಕೆ ಕುರ್ಚಿ ಎಳೆದುಕೊಂಡು ಬಂದು, ಒಂದು ಸಾಲು ಕಮಾಂಡ್ ಒತ್ತಿ, “ಆತ್ ನೋಡ್ರಿ. ಊಟ ಆತಿಲ್ರಿ?” ಎನ್ನುತ್ತಿದ್ದಳು. ಸಾಲು ಒತ್ತಲು ಅರೆಗಳಿಗೆ ಸಾಕು. ರೊಟ್ಟಿ, ಶೇಂಗಾ ಚಟ್ನಿ, ಇಲ್ಲಿಯ ಜೋಳದ ಹಿಟ್ಟಿಗೆ ಜಿಗುಟೇ ಇಲ್ಲವೆಂಬ ಆಕೆಯ ತಕರಾರು, ಇವಕ್ಕೆಲ್ಲ ಅರ್ಧ ಗಂಟೆ.

ಇದಕ್ಕೆ ಕಾಯಂ ಮದ್ದಿತ್ತು. ಫೋಲ್ಡರಿಗೆ ಒಂದು ಸಲ ಸೆಟ್ಟಿಂಗ್ ಹಾಕಿಬಿಟ್ಟರೆ, ಮುಂದೆ ಅದರೊಳಗೆ ಯಾರೇ ಫೈಲು ಮಾಡಲಿ, ಇಬ್ಬರೂ ತಿದ್ದಬಹುದು. ನನಗದು ಗೊತ್ತಿತ್ತು, ಬಾಯಿ ಬಿಡಲಿಲ್ಲ. ರೋಗವೇ ಹಿತವಾಗಿರುವಾಗ ಔಷಧಿ ಕೇಳುವ ಮೂರ್ಖ ಯಾರು? ಆಕೆಗೆ ಗೊತ್ತಿಲ್ಲ ಎಂದುಕೊಂಡು ನನ್ನ ಬೆನ್ನು ನಾನೇ ಚಪ್ಪರಿಸಿಕೊಳ್ಳುತ್ತಿದ್ದೆ.

ಮನೆಯಲ್ಲಿ ಅವ್ವನಿಗೆ ವಾಸನೆ ಹತ್ತಿತ್ತು. “ಬಾಯಾಗ ಕಡಬು ಇಟ್ಕೊಂಡೀ ಏನು? ಕೇಳಿಬಿಡು. ಬ್ಯಾರೆ ಯಾರರ ಕೇಳಿದ ಮ್ಯಾಲ ಅತ್ತರ ಏನ್ ಬಂತು?”

ದಸರೆ ಮುಗಿಯಲಿ ಎಂದೆ. ದೀಪಾವಳಿ ಮುಗಿಯಲಿ ಎಂದೆ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಗಂಡಿನ ಕಡೆಯವರು ಬಂದು ಕೇಳಿದರು, ಆಕೆ ಒಪ್ಪಿದಳು. ಕೆಲಸ ಬಿಡುವುದೆಂದಾಯಿತು.

ಕೊನೆಯ ದಿನ ಎಲ್ಲರಿಗೂ ಕರದಂಟು ಹಂಚಿದ ಮೇಲೆ ಆಕೆ ನನ್ನ ಮೇಜಿಗೆ ಕುರ್ಚಿ ಎಳೆದುಕೊಂಡು ಬಂದಳು. ಎರರ್ ಬಂದಿರಲಿಲ್ಲ, ನಾನು ಕರೆದೂ ಇರಲಿಲ್ಲ. ನಮ್ಮ ಫೋಲ್ಡರ್ ತೆಗೆದು, ಒಮ್ಮೆಯೂ ತಡವರಿಸದೆ, ಆ ಕಾಯಂ ಸೆಟ್ಟಿಂಗನ್ನು ಹಾಕಿದಳು.

“ಇನ್ನ ನಿಮಗ ತ್ರಾಸ ಆಗೂದಿಲ್ರಿ.”

ನಾನು ಕೇಳಿದೆ: “ಇದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ಸೇರಿದ ದಿನಾನ ಗೊತ್ತಿತ್ರಿ. ಉಳಿದವರ ಫೋಲ್ಡರಿಗೆಲ್ಲಾ ನಾನ ಹಾಕಿ ಕೊಟ್ಟೀನಿ.” ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. “ನಿಮಗೂ ಗೊತ್ತೈತಿ ಅಂತ ನನಗ ಗೊತ್ತಿತ್ರಿ. ಒಂದಿನ ಮಾತಾಡ್ತೀರಿ ಅಂತ ಭಾಳ ದಿನ ಹಂಗ ಬಿಟ್ಟಿದ್ದೆ.”

ಆಗಲೂ ನಾನು ಕರದಂಟಿನ ಕಾಗದ ಮಡಚುತ್ತ ಕೂತೆ. ಆಕೆ ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಅಂದಿನಿಂದ ಆ ಫೋಲ್ಡರಿನಲ್ಲಿ ಒಂದು ಎರರೂ ಬಂದಿಲ್ಲ. ಒಂದಾದರೂ ಬರಲಪ್ಪಾ ಎಂದು ಈಗಲೂ ಆಸೆಯಾಗುತ್ತದೆ.