ಬೆರಳು ಬೇರೆ ಸಾಲಿನಲ್ಲಿತ್ತು

ಮೊನ್ನೆ ತೀರ್ಥಹಳ್ಳಿಯ ನಮ್ಮ ಆಫೀಸಿನಲ್ಲಿ ಯಾರೋ ಹಳೆಯ ಫೈಲಿಗೆ ಮೈದಾ ಅಂಟು ಹಚ್ಚುತ್ತಿದ್ದರು. ಆ ಹುಳಿ ವಾಸನೆಗೆ ಸಾಗರದ ಕಾಲೇಜಿನ ಲೈಬ್ರರಿ ಮೇಡಂ ನೆನಪಾದರು. ಹರಿದ ಪುಸ್ತಕಗಳ ಬೆನ್ನಿಗೆ ಅವರು ಅದನ್ನೇ ಹಚ್ಚುತ್ತಿದ್ದರು, ಹರಿದವರನ್ನು ಬೈಯುತ್ತಾ...

ನಾನು ಹೊಸನಗರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಕ್ಷರಗಳು ನನಗೆ ಬಗ್ಗುತ್ತಿರಲಿಲ್ಲ. ನಾನು ಒಂದು ಪುಟ ಓದುವಷ್ಟರಲ್ಲಿ ಉಳಿದವರು ಪಾಠವನ್ನೇ ಮುಗಿಸುತ್ತಿದ್ದರು. ಗೆಳತಿಯರು ಓದಿದ್ದನ್ನು ಕೇಳಿ, ಬಾಯಿಪಾಠ ಮಾಡಿ ಪಿಯುಸಿ ದಾಟಿದ್ದೆ. ಡಿಗ್ರಿಯಲ್ಲಿ ಆ ಆಟ ನಡೆಯಲಿಲ್ಲ. ಇನ್ನೊಂದು ಸಲ ಫೇಲಾದರೆ ಕಾಲೇಜು ಬಿಡಿಸುವುದಾಗಿ ಅಪ್ಪ ಹೇಳಿಯಾಗಿತ್ತು.

ಇದು ಸೋಮಾರಿತನವಲ್ಲ, ಕಲಿಕೆಯ ತೊಂದರೆ ಎಂದು ಮೊದಲು ಹೇಳಿದವರು ಮೇಡಂ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚು ಸಿಗುತ್ತದೆ ಎಂಬ ನಿಯಮವನ್ನು ಹುಡುಕಿ ತೆಗೆದರು. ಪ್ರಿನ್ಸಿಪಾಲರಿಂದ ಪತ್ರ ಬರೆಸಿ, ರಜೆ ಹಾಕಿ, ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನಾನು ಮಾಡಿದ ಘನಕಾರ್ಯ ಹೇಳಬೇಕು. ನನಗಿಂತ ಮುಂಚೆ ಒಳಗೆ ಹೋದ ಹುಡುಗಿ ತಡವರಿಸುತ್ತ ಮತ್ತೆ ಮತ್ತೆ ಓದುತ್ತಿದ್ದ ಪ್ಯಾರಾ ತೆರೆದ ಬಾಗಿಲಿನಿಂದ ಕೇಳುತ್ತಿತ್ತು. ನನ್ನ ಸರದಿ ಬರುವಷ್ಟರಲ್ಲಿ ಅದು ಬಾಯಿಗೆ ಬಂದುಬಿಟ್ಟಿತ್ತು. ಮೇಡಂ ಪಕ್ಕದಲ್ಲೇ ಕೂತಿದ್ದರು; ಹಾಳೆಯ ಮೇಲೆ ಬೆರಳಾಡಿಸುತ್ತ ನೀರು ಕುಡಿದ ಹಾಗೆ ಒಪ್ಪಿಸಿದೆ. ತೊಂದರೆಯೇನೂ ಕಾಣುವುದಿಲ್ಲ ಎಂದರು ಡಾಕ್ಟರು. ದಡ್ಡಿ ಅನ್ನಿಸಿಕೊಳ್ಳಬಾರದೆಂಬ ಹಳೇ ಚಾಳಿಯಲ್ಲಿ, ಬಂದ ಕೆಲಸವೇ ಮರೆತಿತ್ತು.

ವಾಪಸು ಬರುವಾಗ ಬಸ್ಸು ಆನಂದಪುರ ದಾಟಿತು. ಆಮೇಲೆ ಮೇಡಂ ಹೇಳಿದರು: “ನೀ ಓದ್ತಿದ್ದಿದ್ದು ಒಂದು ಸಾಲು, ನಿನ್ ಬೆರಳು ಇದ್ದಿದ್ದು ಇನ್ನೊಂದು ಸಾಲಲ್ಲಿ. ಬರಲ್ಲ ಅಂತ ಹೇಳೋಕೂ ಕಲೀಬೇಕು ಮಾರಾಯ್ತಿ. ಇನ್ನೊಂದ್ಸಲ ಹೋಗಣ.”

ಮತ್ತೆ ರಜೆ ಹಾಕಿದರು. ಈ ಸಲ ಬೇರೆ ಪ್ಯಾರಾ. ಮೂರನೇ ಪದಕ್ಕೆ ನಿಂತೆ. ಬರಲ್ಲ ಎಂದೆ, ಅತ್ತುಬಿಟ್ಟೆ... ಮೇಡಂ ಆಗ ನನ್ನನ್ನು ನೋಡುತ್ತಿದ್ದರೋ ಕಿಟಕಿಯಾಚೆಗೋ, ನೆನಪಿಲ್ಲ. ಸರ್ಟಿಫಿಕೇಟ್ ಸಿಕ್ಕಿತು. ಡಿಗ್ರಿ ಮುಗಿಯಿತು, ಈ ಕೆಲಸವೂ ಬಂತು.

ಆಫೀಸಿನಲ್ಲಿ ಮಾತ್ರ ನನ್ನ ತೊಂದರೆಯನ್ನು ಯಾರಿಗೂ ಹೇಳಲಿಲ್ಲ. ಉದ್ದದ ಮೆಸೇಜುಗಳನ್ನು ಮನೆಗೆ ಹೋಗಿ ಫೋನಿನಿಂದಲೇ ಓದಿಸಿ ಕೇಳುವುದು ರೂಢಿ. ಕಳೆದ ವರ್ಷ ಒಂದು ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಅಂಥದೊಂದು ಬಂದಿತ್ತು. ಪಕ್ಕದ ಮೇಜಿನವರ ಕೈಗೆ ಫೋನು ಕೊಟ್ಟು ಓದಿ ಎನ್ನಲು ನಾಚಿಕೆಯಾಯಿತು. ಸಂಜೆ ಕೇಳಿಸಿಕೊಂಡೆ. ಮೇಡಂ ತೀರಿಕೊಂಡಿದ್ದರು. ಮಧ್ಯಾಹ್ನ ಮೂರಕ್ಕೆ ಸಾಗರದಲ್ಲಿ ಅಂತ್ಯಕ್ರಿಯೆ ಎಂದಿತ್ತು.

ಬೆಳಿಗ್ಗೆಯೇ ಯಾರನ್ನಾದರೂ ಕೇಳಿದ್ದರೆ ಬಸ್ಸು ಸಿಗುತ್ತಿತ್ತು, ಮುಖ ನೋಡಬಹುದಿತ್ತು. ಓದಲು ಬರಲ್ಲ ಎಂದು ಆಫೀಸಿನಲ್ಲಿ ಇವತ್ತಿಗೂ ಹೇಳಿಲ್ಲ.