ಕೆಂಚಪ್ಪನ ಮೆಟ್ಟಿಲಂಗಡಿ

ಹೊಸ ಶೂಗಳ ಪೆಟ್ಟಿಗೆ ತೆರೆದ ಕೂಡಲೇ ಒಂದು ವಾಸನೆ ಬರುತ್ತದಲ್ಲ, ತೊಗಲು, ಗೋಂದು, ತೆಳು ಕಾಗದ ಎಲ್ಲವೂ ಬೆರೆತದ್ದು, ಅದು ನಿಮಗೆ ಹೇಗೋ ಕಾಣೆ. ನನಗೆ ಮಾತ್ರ ಮಲ್ಲಿಗೆಗಿಂತ ಒಂದು ಕೈ ಮೇಲು. ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಇಲ್ಲೇ ಕುವೈತಿನ ಒಂದು ಮಾಲ್‌ಗೆ ಹೋಗಿದ್ದೆ. ಮಾರುವಾಕೆ ಪೆಟ್ಟಿಗೆ ಬಿಚ್ಚಿದ್ದೇ ತಡ, ನಾನು ಒಂದು ಶೂ ಎತ್ತಿ ಮೂಗಿಗೆ ಹಿಡಿದೆ. "ಅಜ್ಜೀ, ಪ್ಲೀಸ್! ಎವ್ರಿಬಡಿ ಈಸ್ ಲುಕಿಂಗ್," ಎಂದು ಮೊಮ್ಮಗಳು ಸೆರಗು ಜಗ್ಗಿದಳು. ನೋಡಲಿ ಬಿಡಿ. ಡರ್ಮಟ್‌ನ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಈ ಚಟ ಹೋಗುವುದಿಲ್ಲ.

ಡರ್ಮಟ್ ಐರ್ಲೆಂಡಿನವನು, ಇಲ್ಲಿಯ ಫರ್ವಾನಿಯಾ ಬಡಾವಣೆಯಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯ ಯಜಮಾನ. ಯಜಮಾನನನ್ನು ಏಕವಚನದಲ್ಲಿ ಕರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ, ಕಾರಣ ಮುಂದೆ ತಿಳಿಯುತ್ತದೆ. ಅವನ ತಾತ ತನ್ನ ಸಣ್ಣ ಊರಿನ ಪೇಟೆಬೀದಿಯಲ್ಲಿ ಬಟ್ಟೆ ಮತ್ತು ಬೂಟಿನ ಅಂಗಡಿ ಇಟ್ಟ. ಅಪ್ಪ ಅದನ್ನು ಬೆಳೆಸಿದ. ಅಪ್ಪ ಹೋದ ಮೇಲೆ ಅಣ್ಣನೂ ಇವನೂ ಜಗಳವಾಡಿ ನಡುವೆ ಗೋಡೆ ಎಬ್ಬಿಸಿ ಅದನ್ನು ಎರಡು ಮಾಡಿದರು. ಅಣ್ಣನ ಪಾಲು ನಿಂತಿತು, ಇವನದು ಮುಳುಗಿತು. ಬೇರೆ ಊರಿಗೆ ಹೋಗಿ ಇನ್ನೊಂದು ತೆರೆದ; ಅದಕ್ಕೆ ಬೆಂಕಿ ಬಿತ್ತು. "ನೀನು ಗಲ್ಲಾಪೆಟ್ಟಿಗೆಯನ್ನೇ ಮದುವೆಯಾಗಬೇಕಿತ್ತು," ಎಂದು ಹೆಂಡತಿಯೂ ತವರಿಗೆ ಹೊರಟುಹೋದಳಂತೆ. ಆಮೇಲೆ ಕುವೈತಿಗೆ ಬಂದು, ಇಲ್ಲಿಯವರೊಬ್ಬರ ಪಾಲುದಾರಿಕೆಯಲ್ಲಿ ಮಕ್ಕಳ ಬಟ್ಟೆ, ಶೂಗಳ ಅಂಗಡಿ ಹಾಕಿದ. ಇಷ್ಟೆಲ್ಲ ಪೆಟ್ಟು ತಿಂದವನ ಮುಖ ಹುಳ್ಳಗಿರಬೇಕಲ್ಲವೇ? ಬೆಳಗ್ಗೆ ಅಂಗಡಿಯ ಷಟರ್ ಎತ್ತುವಾಗ ಅವನು ಸಿಳ್ಳೆ ಹಾಕುತ್ತಿದ್ದ. ಬೆಂಕಿಯಂಥ ಕೆಂಪು ಕೂದಲು, ಮುಖದ ತುಂಬ ಚುಕ್ಕೆ, ದೊಡ್ಡ ಗಂಟಲು. ಗಿರಾಕಿ ಏನೂ ಕೊಳ್ಳದೆ ಹೋದರೆ ಅವನಿಗೆ ಬೇಸರವಿಲ್ಲ. ನಗದೆ ಹೋದರೆ ಮಾತ್ರ ನಮಗೆ ಬೈಗುಳ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಪಾಲುದಾರರು ಬೇಸಿಗೆ ಕಳೆಯಲು ಪರದೇಶಕ್ಕೆ ಹೋದವರು ಅಲ್ಲೇ ಉಳಿದರು. ಸೈನಿಕರು ಬಿಳಿಯರನ್ನು ಹುಡುಕಿ ಒತ್ತೆಯಾಳುಗಳಾಗಿ ಹಿಡಿದೊಯ್ಯುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಅಂಥವರನ್ನು ಬಚ್ಚಿಟ್ಟವರ ಗತಿ ಏನೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಂದು ಮಧ್ಯಾಹ್ನ ಡರ್ಮಟ್ ನಮ್ಮ ಮನೆಯ ಬಾಗಿಲು ತಟ್ಟಿದ. ನಮ್ಮವರು ನೀರಿನ ಘಟಕದಲ್ಲಿ ಇಂಜಿನಿಯರ್. ಕೆಲಸ ಬಿಟ್ಟು ಹೋಗಲು ಅವರಿಗೆ ಅಪ್ಪಣೆ ಇರಲಿಲ್ಲವಾದ್ದರಿಂದ ನಾವೂ ಊರಿಗೆ ಹೊರಟಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ, ಮಗನ ಸಂಸಾರ ನೋಡಲೆಂದು ಮಂಡ್ಯದಿಂದ ಬಂದು ಸಿಕ್ಕಿಹಾಕಿಕೊಂಡಿದ್ದ ನಮ್ಮತ್ತೆ ನಡುಮನೆಯಿಂದಲೇ ಕೂಗಿದರು.

"ಬಿಸಿಲಲ್ಲಿ ಬಂದವನನ್ನ ಒಳಕ್ಕೆ ಕರೀದೆ ಏನ್ ಮುಖ ಮುಖ ನೋಡ್ತಿದೀರ? ಬಾರಪ್ಪ, ಕೆಂಚಪ್ಪ!"

ಅಂದಿನಿಂದ ಅವನು ಕೆಂಚಪ್ಪ. ಮನೆಗೆ ಒಬ್ಬ ಮೈದುನ ಬಂದಂತಾಯಿತು. ಬಹುವಚನ ತಾನಾಗಿ ಉದುರಿತು.

ಆ ಕೂದಲಿಗೆ ಏನು ಮಾಡುವುದು? ನಾನು ಮೆಹಂದಿ ಎಂದೆ. "ಇನ್ನೂ ಕೆಂಪಾಗ್ಲಿ ಅಂತಾನಾ? ಜಾಣೆ ಕಣಮ್ಮ ನೀನು," ಎಂದರು ಅತ್ತೆ. "ಬೋಳಿಸ್ರಿ. ತಿರುಪತಿಗೆ ಹೋಗಿ ಬಂದೋನ ಹಂಗೆ ಕಾಣ್ತಾನೆ." ಬೋಳಿಸಿದೆವು. ಹುಬ್ಬಿಗೆ ಅತ್ತೆಯೇ ದಿನಾ ಕಾಡಿಗೆ ತೀಡುತ್ತಿದ್ದರು. ನಮ್ಮವರ ಪೈಜಾಮ ಅವನಿಗೆ ಮೊಣಕಾಲಿನ ಕೆಳಗೆ ಸ್ವಲ್ಪವೇ ಇಳಿಯುತ್ತಿತ್ತು. ಯಾರಾದರೂ ಕೇಳಿದರೆ ಕಾಶ್ಮೀರದವನು, ಮಾತು ಬಾರದವನು ಎನ್ನುವುದೆಂದು ಗೊತ್ತುಮಾಡಿದೆವು. ಮಾತು ಬಾರದವನು! ಐರ್ಲೆಂಡಿನ ವ್ಯಾಪಾರಿಯನ್ನು ಮೂಕನನ್ನಾಗಿ ಮಾಡುವುದು ನೀರಿಗೆ ಗಂಟು ಹಾಕಿದಷ್ಟೇ ಸುಲಭ.

ಕೆಲವೇ ದಿನಗಳಲ್ಲಿ ಅವನ ಅಂಗಡಿ ಲೂಟಿಯಾಯಿತು. ಟ್ರಕ್ಕು ತಂದು ಗೋಡೆಯ ಹಲಗೆಗಳನ್ನೂ ಬಿಡದೆ ಹೊತ್ತರೆಂದು ನಮ್ಮವರು ಬಂದು ಹೇಳಿದರು. ಕೆಂಚಪ್ಪ ಆ ದಿನವೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದ. ಅತ್ತೆ ಮಾಡಿಕೊಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಆರಿತು. ಮಾರನೆಯ ಬೆಳಗ್ಗೆ ಅಡಿಗೆಮನೆಗೆ ಹೋದರೆ, ನನ್ನ ಡಬ್ಬಿಗಳೆಲ್ಲ ಬಣ್ಣಕ್ಕೆ ಬಣ್ಣ, ಎತ್ತರಕ್ಕೆ ಎತ್ತರ ಸೇರಿ ಸಾಲಾಗಿ ನಿಂತಿವೆ. ಹೆಸರುಬೇಳೆ ಮುಂದೆ, ಸಾಸಿವೆ ಪಕ್ಕಕ್ಕೆ. ಮನುಷ್ಯ ಎದ್ದಿದ್ದ.

ಅಲ್ಲಿಂದ ಶುರುವಾದದ್ದೇ ಮೆಟ್ಟಿಲಂಗಡಿ. ನಮ್ಮ ಬಿಲ್ಡಿಂಗಿನಲ್ಲಿ ಒಂದು ಮನೆಯಲ್ಲಿ ಅಕ್ಕಿ ಇದ್ದರೆ ಇನ್ನೊಂದರಲ್ಲಿ ಹಾಲಿನಪುಡಿ, ಮತ್ತೊಂದರಲ್ಲಿ ಬರೀ ಸೋಪು. ನೋಟುಗಳಿಗೆ ಬೆಲೆ ಉಳಿದಿರಲಿಲ್ಲ. ಕೆಂಚಪ್ಪ ನನ್ನನ್ನು ಮನೆಮನೆಗೂ ಓಡಿಸಿ, ಹೆಚ್ಚಾದದ್ದನ್ನೆಲ್ಲ ತರಿಸಿ, ಒಳಗಿನ ಮೆಟ್ಟಿಲುಗಳ ಮೇಲೆ ಜೋಡಿಸಿದ: ಕೆಳಗೆ ದಿನಸಿ, ನಡುವೆ ಔಷಧ, ಮೇಲೆ ಮಕ್ಕಳಿಗೆ ಗಿಡ್ಡವಾದ ಬಟ್ಟೆ, ಶೂ. ಒಂದು ಕೊಟ್ಟು ಇನ್ನೊಂದು ಒಯ್ಯುವುದು. ಕೊಡಲು ಏನೂ ಇಲ್ಲದವರು ಹಾಡು ಹೇಳಬೇಕು! ಎರಡನೆಯ ಮಹಡಿಯ ಮಂಗಳೂರಿನ ನರ್ಸ್ ಫಿಲೋಮಿನಾ ಬಾಯಿ ಕೊಂಕಣಿ ಹಾಡು ಹೇಳಿಯೇ ಒಂದು ಡಬ್ಬಿ ಟೊಮೆಟೊ ಒಯ್ದರು. "ಈ ಮೂಗನ ಅಂಗಡಿಯಲ್ಲಿ ಗಲಾಟೆಯೇ ಜಾಸ್ತಿ ಮಾರಾಯ್ರೆ," ಎಂದು ನಗುತ್ತಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ನಗು. ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಒಂದು ಬೆಳಗ್ಗೆ ಹೊರಗೆ ಜೀಪು ನಿಂತಿತು. ಅಧಿಕಾರಿ ಜೀಪಿನಲ್ಲೇ ಕುಳಿತ. ಬಂದೂಕು ಹಿಡಿದ ಸೈನಿಕನೊಬ್ಬ ಒಳಗೆ ಬಂದ. ಕೆಂಚಪ್ಪನೂ ನಾನೂ ಮೆಟ್ಟಿಲ ಮೇಲೆಯೇ ಸಿಕ್ಕಿಬಿದ್ದೆವು.

"ಇವನು ಯಾರು?" ಎಂದು ಅರಬ್ಬಿಯಲ್ಲಿ ಕೇಳಿದ.

"ಹಿಂದಿ. ಇಂಡಿಯಾದವನು. ಕಾಶ್ಮೀರ. ಮಾತು ಬರಲ್ಲ," ಎಂದೆ.

ಸೈನಿಕ ಅವನನ್ನೇ ನೋಡಿದ. ಸೆಕೆ ಬೇರೆ. ಹುಬ್ಬಿನ ಕಾಡಿಗೆ ಕರಗಿ ಕಪ್ಪು ಗೆರೆಯಾಗಿ ಕೆನ್ನೆಗೆ ಇಳಿಯುತ್ತಿತ್ತು. ಮುಗಿಯಿತು, ಖಲಾಸ್ ಎಂದುಕೊಂಡೆ. ಆದರೆ ಸೈನಿಕನ ಕಣ್ಣು ಮೇಲಿನ ಮೆಟ್ಟಿಲಿಗೆ ಹೋಯಿತು. ಅಲ್ಲಿ ಪುಟ್ಟ ಕೆಂಪು ಶೂಗಳಿದ್ದವು. ಅವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ತಿರುಗಿ ಹೊರಟ. ಅವನು ಹೊರಟೇಬಿಡುತ್ತಿದ್ದ. ನಮ್ಮ ಮೂಗ ಬಾಯಿಬಿಟ್ಟ.

"ಮಗುವಿಗೆ ಎಷ್ಟು ವರ್ಷ?"

ಅದೂ ಆ ಅರಬ್ಬಿಯಲ್ಲಿ! ಆ ಉಚ್ಚಾರಣೆಯನ್ನು ಕಾಶ್ಮೀರದ್ದೆಂದು ಕತ್ತೆಯೂ ನಂಬಲಾರದು. ಸೈನಿಕ ನಿಂತ. ಆಮೇಲೆ ನಿಧಾನವಾಗಿ ತನ್ನ ಸೊಂಟದ ಕೆಳಗೆ ಕೈಯಿಟ್ಟು, ಇಷ್ಟು ಎತ್ತರ ಎಂದು ತೋರಿಸಿದ. "ಹೆಣ್ಣುಮಗು," ಎಂದ.

ಕೆಂಚಪ್ಪ ತಲೆಯಾಡಿಸಿದ. ಆ ಶೂಗಳನ್ನು ಅವನ ಕೈಯಿಂದ ತೆಗೆದುಕೊಂಡ. "ಇದು ಕಚ್ಚುತ್ತೆ," ಎಂದ. ಇನ್ನೊಂದು ಜೊತೆ ಹುಡುಕಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಹಿಡಿದುಕೊಳ್ಳಲು ಒಂದು ಕುಣಿಕೆಯನ್ನೂ ಹಾಕಿ ಕೊಟ್ಟ. ಸೈನಿಕ ಜೇಬು ತಡಕಿ, ಅರ್ಧ ತಿಂದ ರೊಟ್ಟಿಯೊಂದನ್ನು ಮೆಟ್ಟಿಲ ಮೇಲಿಟ್ಟ. ಅದೂ ಅಂಗಡಿಯ ಕಾನೂನೇ, ಒಂದು ಕೊಟ್ಟು ಇನ್ನೊಂದು ಒಯ್ಯುವುದು. ಹೋಗುವ ಮುಂಚೆ ತನ್ನ ಹುಬ್ಬನ್ನು ಬೆರಳಿನಿಂದ ಉಜ್ಜಿ, ನಿನ್ನದು ಇಳಿಯುತ್ತಿದೆ ಎಂಬಂತೆ ಸನ್ನೆ ಮಾಡಿದ. ಬಾಗಿಲಲ್ಲಿ ನಿಂತು ಜೀಪಿನ ಕಡೆಗೆ ಕೂಗಿದ: "ಮಾಕು ಅಹದ್!" ಯಾರೂ ಇಲ್ಲ.

ಜೀಪಿನ ಸದ್ದು ಅಡಗಿದ ಮೇಲೆ ಕೆಂಚಪ್ಪ ಕುಸಿದು ಕುಳಿತ. ಅತ್ತೆ ಓಡಿ ಬಂದು ನೀರಿನ ಲೋಟವನ್ನು ಅವನ ಬಾಯಿಗೆ ಹಿಡಿದರು. "ಎಂಥಾ ಪ್ರಾಣಿಯೋ ನೀನು! ಜೀವ ಹೋಗೋವಾಗ್ಲೂ ವ್ಯಾಪಾರವಾ?" ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಉಸಿರು ಸುಧಾರಿಸಿಕೊಂಡು ಹೇಳಿದ: "ಸಣ್ಣ ಸೈಜು ಕೊಟ್ಟು ಕಳಿಸಿದ್ದರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಿದ್ದ." ಮೊದಲು ನಕ್ಕದ್ದು ಯಾರೋ ನೆನಪಿಲ್ಲ. ಮನೆಗಳಿಂದ ಹೊರಬಂದು ನಿಂತಿದ್ದ ಇಡೀ ಮೆಟ್ಟಿಲ ಸಾಲು ನಕ್ಕಿತು. ಫಿಲೋಮಿನಾ ಬಾಯಿ ಜಪಸರ ಹಿಡಿದುಕೊಂಡೇ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಡಿಸೆಂಬರಿನಲ್ಲಿ ವಿದೇಶಿಯರನ್ನು ಬಿಡುವುದಾಗಿ ರೇಡಿಯೋದಲ್ಲಿ ಬಂತು, ಅವನು ಊರಿಗೆ ಹೋದ. ನಾವು ಇಲ್ಲೇ ಉಳಿದು ಯುದ್ಧ ಮುಗಿಯುವುದನ್ನು ನೋಡಿದೆವು. ಅಲ್ಲಿ ಅವನ ಅಣ್ಣ ವಿಮಾನನಿಲ್ದಾಣಕ್ಕೇ ಬಂದು ತಬ್ಬಿಕೊಂಡನಂತೆ. ನಡುವಿನ ಗೋಡೆ ಒಡೆಸಿ, ಅರ್ಧ ಅಂಗಡಿ ನಿನ್ನದೇ ಎಂದನಂತೆ. ನಾವೆಲ್ಲ, ಅಂತೂ ದಡ ಸೇರಿದ ಎಂದುಕೊಂಡೆವು. ತೊಂಬತ್ತೊಂದರ ಬೇಸಿಗೆಯಲ್ಲಿ, ಇರಾಕಿನವರು ಹೋಗುವಾಗ ಬೆಂಕಿಯಿಟ್ಟ ಎಣ್ಣೆಬಾವಿಗಳ ಹೊಗೆಗೆ ಹಗಲೇ ದೀಪ ಹಚ್ಚಬೇಕಾದ ಒಂದು ದಿನ, ಮತ್ತೆ ಬಾಗಿಲು ತಟ್ಟಿದ ಸದ್ದು. ಕೆಂಪು ಕೂದಲು ಪೂರ್ತಿ ಬೆಳೆದಿತ್ತು.

"ಯಾಕೆ ಬಂದೆ?" ಎಂದೆ.

"ಅಲ್ಲಿ ಎಲ್ಲರೂ ನನ್ನ ಕಥೆ ಕೇಳೋಕೆ ಬರ್ತಾರೆ. ಒಬ್ಬರೂ ಏನೂ ಕೊಳ್ಳಲ್ಲ!"

ಅದೇ ಜಾಗದಲ್ಲಿ ಅಂಗಡಿ ಮತ್ತೆ ತೆರೆಯಿತು. ಟೇಪು ಕತ್ತರಿಸಿದ್ದು ನಮ್ಮತ್ತೆ, ಮಂಡ್ಯಕ್ಕೆ ಹೊರಡುವ ಹಿಂದಿನ ದಿನ, ರೇಷ್ಮೆ ಸೀರೆಯುಟ್ಟು. ಕಪ್ಪು ಆಕಾಶದ ಕೆಳಗೆ ಗಾಜಿನ ಕಪಾಟಿನ ದೀಪಗಳು ಹೊಳೆಯುತ್ತಿದ್ದವು. ಅಲ್ಲಿಂದ ಮುಂದೆ ಬಹುಕಾಲ ಅವನು ನೆಮ್ಮದಿಯಾಗಿ ವ್ಯಾಪಾರ ಮಾಡಿ, ವಯಸ್ಸಾದ ಮೇಲೆ ಅಣ್ಣನ ಊರಿಗೆ ಹೋದ.

ಅತ್ತೆ ಈಗಿಲ್ಲ. ಕೆಂಚಪ್ಪ ವೃದ್ಧಾಶ್ರಮ ಸೇರಿದನೆಂದು ಕೇಳಿದ ಮೇಲೆ ನಾನು ಫೋನು ಮಾಡಿರಲಿಲ್ಲ. ಆ ದೊಡ್ಡ ಗಂಟಲು ಸಣ್ಣಗಾದದ್ದನ್ನು ಕೇಳಲು ಮನಸ್ಸಾಗುತ್ತಿರಲಿಲ್ಲ. ಮೊನ್ನೆ ಮಾಲ್‌ನಿಂದ ಬಂದವಳೇ, ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ, ಧೈರ್ಯ ಮಾಡಿ ಅವನ ನಂಬರು ಒತ್ತಿಯೇಬಿಟ್ಟೆ. ಬಹಳ ಹೊತ್ತು ರಿಂಗಾಯಿತು.

"ಯಾರು? ಓ, ನೀನಾ!" ಗಂಟಲು ಹಾಗೆಯೇ ಇತ್ತು. ಆಶ್ರಮದ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಕೊಟ್ಟಿದ್ದಾರಂತೆ. ಬಿಸ್ಕತ್ತು, ಉಣ್ಣೆ ದಾರ, ಓದುವ ಕನ್ನಡಕ ಎಲ್ಲ ಇಟ್ಟಿದ್ದಾನಂತೆ. ನಾನು ಆರೋಗ್ಯ ಹೇಗಿದೆ ಎಂದು ಕೇಳಲು ಬಾಯಿ ತೆರೆದೆ.

"ಆಮೇಲೆ ಮಾಡು," ಎಂದ ಕೆಂಚಪ್ಪ. "ಗಿರಾಕಿ ಬಂದಿದ್ದಾರೆ." ಫೋನು ಇಟ್ಟೇಬಿಟ್ಟ.